ಎರಡನೆಯ ಭ್ರೂಣ ಮೂಡಿಸಿದ ಹಿಲ್ಡೆ ಮಾಂಗೋಲ್ಡ್

ಒಂದೇ ಮೊಟ್ಟೆಯಿಂದ ಹುಟ್ಟಿದ ಜೀವಕೋಶಗಳಲ್ಲಿ ಕೆಲವು ಚರ್ಮವಾಗುತ್ತವೆ, ಕೆಲವು ಮಿದುಳಾಗುತ್ತವೆ. ಯಾವುದು ಏನಾಗಬೇಕೆಂದು ನಿರ್ಧರಿಸುವವರಾರು? ಈ ಪ್ರಶ್ನೆಗೆ ಉತ್ತರದ ಹಾದಿ ತೋರಿದವರಲ್ಲಿ ಜರ್ಮನಿಯ ಹಿಲ್ಡೆ ಮಾಂಗೋಲ್ಡ್ ಪ್ರಮುಖರು. ಅವರು ಬದುಕಿದ್ದು ಕೇವಲ ಇಪ್ಪತ್ತೈದು ವರ್ಷ.

1898ರ ಅಕ್ಟೋಬರ್ 20ರಂದು ಗೋಥಾ ನಗರದಲ್ಲಿ ಜನಿಸಿದ ಹಿಲ್ಡೆ, ಯೇನಾ ಮತ್ತು ಫ್ರಾಂಕ್‌ಫರ್ಟ್‌ಗಳಲ್ಲಿ ವ್ಯಾಸಂಗ ಮಾಡಿದರು. ಭ್ರೂಣವಿಜ್ಞಾನಿ ಹಾನ್ಸ್ ಸ್ಪೇಮಾನ್ ಅವರ ಉಪನ್ಯಾಸದಿಂದ ಪ್ರಭಾವಿತರಾಗಿ, 1920ರಲ್ಲಿ ಫ್ರೈಬುರ್ಗ್‌ನಲ್ಲಿದ್ದ ಅವರ ಪ್ರಯೋಗಾಲಯವನ್ನು ಸೇರಿದರು. ಮರುವರ್ಷ, ಅಲ್ಲಿಯೇ ಸಂಶೋಧಕರಾಗಿದ್ದ ಓಟ್ಟೋ ಮಾಂಗೋಲ್ಡ್ ಅವರನ್ನು ವಿವಾಹವಾದರು.

ಡಾಕ್ಟರೇಟ್ ಪದವಿಗಾಗಿ ಹಿಲ್ಡೆ ಕೈಗೊಂಡ ಪ್ರಯೋಗ ಅತ್ಯಂತ ಸೂಕ್ಷ್ಮವಾದುದು. ನ್ಯೂಟ್ ಎಂಬ ಉಭಯಚರದ ಬಣ್ಣರಹಿತ ಭ್ರೂಣದಿಂದ ಒಂದು ನಿರ್ದಿಷ್ಟ ತುಣುಕನ್ನು ತೆಗೆದು, ಇನ್ನೊಂದು ಪ್ರಭೇದದ ವರ್ಣಯುಕ್ತ ಭ್ರೂಣಕ್ಕೆ ಕಸಿ ಮಾಡಿದರು. ಹೆಚ್ಚಿನ ಭ್ರೂಣಗಳು ಬದುಕಲಿಲ್ಲ. ಉಳಿದ ಕೆಲವೇ ಭ್ರೂಣಗಳಲ್ಲಿ ಬೆನ್ನುಹುರಿಯ ಸಮೇತ ಎರಡನೆಯ ಶರೀರ ಮೂಡಿತು! ಬಣ್ಣದ ವ್ಯತ್ಯಾಸದಿಂದ ಮತ್ತೊಂದು ಸತ್ಯವೂ ತಿಳಿಯಿತು. ಆ ಶರೀರದ ಬಹುಭಾಗ ಕಸಿಯ ಕೋಶಗಳದ್ದಲ್ಲ, ಆತಿಥೇಯ ಭ್ರೂಣದ ಕೋಶಗಳದ್ದು. ಅಂದರೆ ಕಸಿ ಮಾಡಿದ ತುಣುಕು ನೆರೆಯ ಕೋಶಗಳಿಗೆ ಸಂಕೇತ ನೀಡಿ, ಅವುಗಳ ಭವಿಷ್ಯವನ್ನೇ ಬದಲಿಸಿತ್ತು. ಈ ತುಣುಕಿಗೆ 'ಸಂಘಟಕ' ಎಂಬ ಹೆಸರು ಬಂದಿತು.

1923ರಲ್ಲಿ ಹಿಲ್ಡೆ ಡಾಕ್ಟರೇಟ್ ಪಡೆದರು. 1924ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸ್ಪೇಮಾನ್ ಅವರ ಹೆಸರು ಮೊದಲಿತ್ತು. ಅದೇ ವರ್ಷ ಪತಿ ಹಾಗೂ ಹಸುಗೂಸಿನೊಂದಿಗೆ ಬರ್ಲಿನ್‌ಗೆ ತೆರಳಿದ ಹಿಲ್ಡೆ, ಒಲೆಯ ಅವಘಡದಲ್ಲಿ ತೀವ್ರವಾಗಿ ಸುಟ್ಟು ಸೆಪ್ಟೆಂಬರ್ 4ರಂದು ಕೊನೆಯುಸಿರೆಳೆದರು. ಸಂಘಟಕದ ಶೋಧಕ್ಕೆ 1935ರ ನೊಬೆಲ್ ಪ್ರಶಸ್ತಿ ಸ್ಪೇಮಾನ್ ಒಬ್ಬರಿಗೇ ಸಂದಿತು.

ಆ ಸಂಕೇತದ ರಾಸಾಯನಿಕ ಸ್ವರೂಪ ತಿಳಿಯಲು ದಶಕಗಳೇ ಬೇಕಾದವು. ಸಂಘಟಕ ಹೊರಸೂಸುವ ನಾಗಿನ್ ಎಂಬ ಪ್ರೋಟೀನ್ 1992ರಲ್ಲಿಯೂ, ಕಾರ್ಡಿನ್ 1994ರಲ್ಲಿಯೂ ಪತ್ತೆಯಾದವು. ಚರ್ಮವಾಗೆಂದು ಹೇಳುವ ಸಂಕೇತವನ್ನು ಇವು ತಡೆಯುವುದರಿಂದಲೇ ಕೋಶಗಳು ನರಕೋಶಗಳಾಗುತ್ತವೆ. ಹೊರಗಿನ ಸಂಕೇತ ಕೋಶದೊಳಗಿನ ಆರ್‌ಎನ್‌ಎಯನ್ನೂ ನಿಯಂತ್ರಿಸಬಲ್ಲದೆಂದು ಇಂದು ತಿಳಿದಿದೆ. ಕಪ್ಪೆಯ ಮೊಟ್ಟೆ ಬಲಿಯುವಾಗ ಹಾರ್ಮೋನಿನ ಸಂಕೇತದಿಂದ, ಆರ್‌ಎನ್‌ಎಗೆ ಅಂಟಿಕೊಂಡಿರುವ ಸಿಪಿಇಬಿ ಎಂಬ ಪ್ರೋಟೀನಿಗೆ ಫಾಸ್ಫೇಟ್ ಸೇರುತ್ತದೆ. ಆಗ ಅದುವರೆಗೆ ಸುಪ್ತವಾಗಿದ್ದ ಆರ್‌ಎನ್‌ಎ ಸಂದೇಶಗಳಿಂದ ಹೊಸ ಪ್ರೋಟೀನುಗಳು ತಯಾರಾಗತೊಡಗುತ್ತವೆ.

ಕೋಶದ ಹಣೆಬರಹವನ್ನು ನೆರೆಯ ಕೋಶವೂ ಬರೆಯಬಲ್ಲದೆಂದು ತೋರಿಸಿದ ಹಿಲ್ಡೆ, ತಮ್ಮ ಶ್ರಮದ ಫಲವನ್ನು ಕಾಣಲು ಉಳಿಯಲಿಲ್ಲ. ಆದರೂ ಆ ತುಣುಕು ಇಂದು ಸ್ಪೇಮಾನ್-ಮಾಂಗೋಲ್ಡ್ ಸಂಘಟಕವೆಂದೇ ಪ್ರಸಿದ್ಧವಾಗಿದೆ.