ಹೈದರಾಲಿ ಮತ್ತು ಗಟ್ಟಿ ಎಲೆ ಕಾಯುವವರು

ತೋಡಾರಿನಲ್ಲಿ ನಾನು ಚಿಕ್ಕವನಿದ್ದಾಗ ನೋಡಿದ ಇಸ್ಪೀಟಾಟದಲ್ಲಿ ಎಲೆ ಕೆಳಗಿಟ್ಟು ಸೋಲೊಪ್ಪುವವರೇ ಇರಲಿಲ್ಲ. ಮಳೆಗಾಲದಲ್ಲಿ ಅಂಗಡಿ ಜಗಲಿಯ ಮೇಲೆ ಒಂದೊಂದು ರೂಪಾಯಿ ಕಟ್ಟಿ ಕೂತವರು, ಕೈಯಲ್ಲಿ ಏನೂ ಇಲ್ಲದಿದ್ದರೂ ಕೊನೆಯ ಎಲೆ ಬೀಳುವವರೆಗೆ ಕೂತೇ ಇರುತ್ತಿದ್ದರು. ಅಂಥವರನ್ನು ಹೆದರಿಸಿ ಏಳಿಸುವುದು ಸಾಧ್ಯವೇ ಇಲ್ಲ. ಒಳ್ಳೆ ಎಲೆ ಬಂದರೆ ದುಡ್ಡು ಹಾಕಬೇಕು, ಬಾರದಿದ್ದರೆ ಸುಮ್ಮನಿರಬೇಕು, ಅಷ್ಟೇ ವಿದ್ಯೆ.

ಆ ವಿದ್ಯೆ ಹಿಡಿದುಕೊಂಡೇ ನಾನು ಬೆಂಗಳೂರಿನಲ್ಲಿ ಪೋಕರ್ ಆಡಲು ಕೂತೆ. ಸಣ್ಣ ಟೇಬಲ್‌ನಲ್ಲಿ ಗೆದ್ದೆ ಕೂಡ. ಗೆದ್ದವನಿಗೆ ಇರುವ ರೋಗ ಒಂದೇ, ದೊಡ್ಡ ಟೇಬಲ್‌ಗೆ ಹೋಗಬೇಕು ಅನ್ನೋದು. ಹತ್ತು ಪಟ್ಟು ದುಡ್ಡಿನ ಟೇಬಲ್‌ಗೆ ಹೋದರೆ ಅಲ್ಲಿನವರು ಬೇರೆಯೇ ಜಾತಿಯ ಆಟಗಾರರು. ಹತ್ತು ಆಟದಲ್ಲಿ ಎಂಟು ಸಲ ಎಲೆ ಬಿಸಾಡುತ್ತಾರೆ. ಒಂಬತ್ತನೆಯದಕ್ಕೆ ದುಡ್ಡು ಮುಂದೆ ತಳ್ಳಿದರೆ ಕೈಯಲ್ಲಿ ಗಟ್ಟಿ ಎಲೆ ಉಂಟು ಅಂತಲೇ ಅರ್ಥ. ಇವರನ್ನು ಟೈಟ್ ಆಟಗಾರರು ಅಂತಾರೆ. ನಾನು ಜಗಲಿಯ ಲೆಕ್ಕದಲ್ಲಿ, ಅವರು ದುಡ್ಡು ಹಾಕಿದಾಗಲೆಲ್ಲ ನೋಡಿಯೇ ಬಿಡೋಣ ಅಂತ ನಾನೂ ಹಾಕಿದೆ. ನಾಲ್ಕು ತಿಂಗಳಲ್ಲಿ ಎರಡು ತಿಂಗಳ ಸಂಬಳ ಹೋಯಿತು.

ಆಟ ಬಿಟ್ಟು ವರ್ಷಗಳಾದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ದುಡ್ಡಿನಾಟ ನಿಷೇಧಿಸುವ ಕಾನೂನು ಮಾಡಿದಾಗ ನನಗೆ ಬೇಸರವೇನೂ ಆಗಲಿಲ್ಲ. ಆದರೆ ಎಲ್ಲಿ ತಪ್ಪಿದೆ ಅನ್ನೋದು ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಉತ್ತರ ಸಿಕ್ಕಿದ್ದು ಊರಿನಲ್ಲಿ, ದೊಡ್ಡಪ್ಪನ ಕಪಾಟಿನ ಇತಿಹಾಸದ ಪುಸ್ತಕಗಳಲ್ಲಿ. ಹೈದರಾಲಿಯ ಕತೆ ಓದುತ್ತಾ ಹೋದ ಹಾಗೆ, ಸಣ್ಣ ಟೇಬಲ್‌ನಿಂದ ದೊಡ್ಡ ಟೇಬಲ್‌ಗೆ ಹೋಗಿ, ಅಲ್ಲಿ ಒಮ್ಮೆ ಪೆಟ್ಟು ತಿಂದು, ಆಟವನ್ನೇ ಬದಲಿಸಿಕೊಂಡವನ ಕತೆ ಅದು ಅಂತ ಕಂಡಿತು. ಯುದ್ಧ ಇಸ್ಪೀಟಲ್ಲ, ಅಲ್ಲಿ ಹೋಗುವುದು ಸಂಬಳವಲ್ಲ ಜೀವ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೈದರ್ ಹುಟ್ಟಿದ್ದು ಕೋಲಾರದ ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ. ಅಪ್ಪ ಫತೇ ಮುಹಮ್ಮದ್ ಸೈನ್ಯದಲ್ಲಿದ್ದವನು, ಮಗ ಇನ್ನೂ ಹುಡುಗನಿರುವಾಗಲೇ ಯುದ್ಧದಲ್ಲಿ ಸತ್ತ. ಕೈಯಲ್ಲಿ ಬಂಡವಾಳ ಇರಲಿಲ್ಲ. ಓದು ಬರಹ ಬರುತ್ತಿರಲಿಲ್ಲ, ಆದರೆ ಲೆಕ್ಕ ಬಾಯಲ್ಲೇ ಇತ್ತು, ನೆನಪು ಅಸಾಧ್ಯವಾದದ್ದು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರಿನ ದಳವಾಯಿಗಳ ಕಣ್ಣಿಗೆ ಬಿದ್ದ. 1755ರ ಹೊತ್ತಿಗೆ ದಿಂಡಿಗಲ್ಲಿನ ಫೌಜುದಾರ. ಈ ಕಾಲದ ಅವನ ಎದುರಾಳಿಗಳೆಲ್ಲ ನಮ್ಮ ಜಗಲಿಯವರ ಹಾಗೆ, ಪ್ರತಿ ಆಟಕ್ಕೂ ಕೂರುವ ಪಾಳೆಗಾರರು. ಅವರ ಮೇಲೆ ಗೆಲ್ಲಲು ಶಿಸ್ತಿನ ಸೈನ್ಯ, ಫ್ರೆಂಚರಿಂದ ಕಲಿತ ಫಿರಂಗಿ ವಿದ್ಯೆ, ಇಷ್ಟೇ ಸಾಕಿತ್ತು.

ಮೊದಲ ದೊಡ್ಡ ಪೆಟ್ಟು ಮನೆಯೊಳಗಿನಿಂದಲೇ ಬಂತು. ಹಿಂದೆ ಅವನ ಲೆಕ್ಕಪತ್ರ ನೋಡುತ್ತಿದ್ದ ಖಂಡೇರಾಯ 1760ರ ಆಗಸ್ಟ್‌ನಲ್ಲಿ ಅರಮನೆಯ ಜೊತೆ ಸೇರಿ ತಿರುಗಿಬಿದ್ದ. ಹೈದರ್ ಮನೆಯವರನ್ನೆಲ್ಲ ಶ್ರೀರಂಗಪಟ್ಟಣದಲ್ಲೇ ಬಿಟ್ಟು ರಾತ್ರೋರಾತ್ರಿ ಕಾವೇರಿ ದಾಟಿ ಬೆಂಗಳೂರಿಗೆ ಓಡಬೇಕಾಯಿತು. ಮುಂದಿನ ಕಾಳಗದಲ್ಲೂ ಸೋತ. ಆಗ ಹಳೆಯ ದಳವಾಯಿ ನಂಜರಾಜಯ್ಯನ ಕಾಲು ಹಿಡಿದು ಅವನ ಹೆಸರನ್ನು ಬಂಡವಾಳ ಮಾಡಿಕೊಂಡ. ಖಂಡೇರಾಯನ ಸರದಾರರೆಲ್ಲ ಗುಟ್ಟಾಗಿ ನಂಜರಾಜಯ್ಯನ ಕಡೆ ಸೇರಿದ್ದಾರೆ ಅನ್ನುವ ಅರ್ಥ ಬರುವ ಸುಳ್ಳು ಪತ್ರಗಳನ್ನು ಬರೆಸಿ, ಅವು ಖಂಡೇರಾಯನ ಕೈಗೇ ಸಿಗುವ ಹಾಗೆ ಮಾಡಿದ. ಖಂಡೇರಾಯ ನಂಬಿ, ಸೈನ್ಯವನ್ನು ಬಿಟ್ಟು ಓಡಿಹೋದ. 1761ರಲ್ಲಿ ಮೈಸೂರು ಹೈದರನ ಕೈಯಲ್ಲಿತ್ತು. ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿ ಹಾಲನ್ನ ಕೊಟ್ಟು ಇಟ್ಟ ಕತೆ ನಮ್ಮ ಶಾಲೆಯಲ್ಲೂ ಹೇಳುತ್ತಿದ್ದರು.

ಇಲ್ಲಿ ಗಮನಿಸಬೇಕಾದ್ದು ಒಂದುಂಟು. ಬ್ಲಫ್ ನಡೆಯುವುದು ಎಲೆ ಕೆಳಗಿಡಲು ಗೊತ್ತಿರುವವನ ಮುಂದೆ ಮಾತ್ರ. ಖಂಡೇರಾಯ ಲೆಕ್ಕಿಗ, ಅಪಾಯ ಅಳೆಯುವವನು, ಅದಕ್ಕೇ ಹೆದರಿದ. ಯೋಚನೆಯೇ ಮಾಡದವನಿಗೆ ಎಷ್ಟು ಪತ್ರ ಬರೆದರೂ ಅಷ್ಟೇ.

1763ರಲ್ಲಿ ಬಿದನೂರು ಬಿತ್ತು, ಕೆಳದಿಯ ಖಜಾನೆಯ ಜೊತೆ ನಮ್ಮ ಕರಾವಳಿಯೂ ಮಂಗಳೂರು ಬಂದರೂ ಹೈದರನದಾಯಿತು. ಈಗ ಅವನು ದೊಡ್ಡ ಟೇಬಲ್‌ಗೆ ಬಂದ. ಅಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಮರಾಠರು, ಪ್ರತಿ ಸಲವೂ ದುಡ್ಡು ಏರಿಸುವವರು, ಹಿಂದೆ ದೊಡ್ಡ ಚೀಲ ಇರುವವರು. ಪೇಶ್ವೆ ಮಾಧವರಾಯನ ಮುಂದೆ ಹೈದರ್ ಮತ್ತೆ ಮತ್ತೆ ಸೋತ, ಹಣ ಕೊಟ್ಟು ಎದ್ದ. ಇದನ್ನು ಹೇಡಿತನ ಅಂತ ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಎದುರಿಗಿರುವವನು ಯಾರು ಅಂತ ತಿಳಿದು ಎಲೆ ಬಿಸಾಡುವುದೂ ಆಟವೇ.

ಇನ್ನೊಬ್ಬರು ಮದರಾಸಿನ ಇಂಗ್ಲಿಷ್ ಕಂಪನಿ. ಇವರು ಟೈಟ್. ವ್ಯಾಪಾರಿಗಳು, ಪ್ರತಿ ಬೆಟಾಲಿಯನ್ನಿನ ಖರ್ಚನ್ನೂ ಪುಸ್ತಕದಲ್ಲಿ ಬರೆದಿಡುವವರು. ಕೋಟೆಯಲ್ಲಿ ಕೂತು ಕಾಯುತ್ತಾರೆ, ಕುದುರೆ ಸೈನ್ಯ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಮ್ಮೆ ಸಾಲುಗಟ್ಟಿ ನಿಂತು ಫಿರಂಗಿ ಹೂಡಿದರೆ ಆ ಸಾಲನ್ನು ಮುರಿಯುವುದು ಆ ಕಾಲದಲ್ಲಿ ಯಾರಿಗೂ ಸುಲಭವಿರಲಿಲ್ಲ.

1767ರಲ್ಲಿ ಮರಾಠರು, ನಿಜಾಮ, ಕಂಪನಿ ಮೂವರೂ ಒಟ್ಟಾಗಿ ಮೇಲೆ ಬಿದ್ದರು. ಹೈದರ್ ಮರಾಠರಿಗೆ 35 ಲಕ್ಷ ಒಪ್ಪಿಕೊಂಡು, ಅರ್ಧ ಕೊಟ್ಟು ಹಿಂದೆ ಕಳಿಸಿದ. ನಿಜಾಮನನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಇಷ್ಟೆಲ್ಲ ಚಾಣಾಕ್ಷತನ ಮಾಡಿ, ಆಮೇಲೆ ನಾನು ಮಾಡಿದ ತಪ್ಪನ್ನೇ ಮಾಡಿದ. ಸೆಪ್ಟೆಂಬರ್ 3ರಂದು ಚಂಗಮದಲ್ಲಿ, 26ರಂದು ತಿರುವಣ್ಣಾಮಲೈಯಲ್ಲಿ, ಕರ್ನಲ್ ಜೋಸೆಫ್ ಸ್ಮಿತ್‌ನ ಗಟ್ಟಿ ಸಾಲಿಗೆ ಎದುರಾಗಿ ನಿಂತ. ಸೈನ್ಯ ಎಷ್ಟೋ ಪಟ್ಟು ದೊಡ್ಡದಿದ್ದರೂ ಎರಡೂ ಕಡೆ ಸೋತ. ನಿಜಾಮ ಹೆದರಿ 1768ರ ಫೆಬ್ರುವರಿಯಲ್ಲಿ ಕಂಪನಿ ಜೊತೆ ರಾಜಿ ಮಾಡಿಕೊಂಡ. ಅದೇ ಹೊತ್ತಿಗೆ ಮುಂಬೈಯಿಂದ ಬಂದ ಕಂಪನಿ ಪಡೆ ಮಂಗಳೂರನ್ನೂ ಹಿಡಿಯಿತು.

ಹೈದರ್ ಬದಲಾಗಿದ್ದು ಇಲ್ಲಿ, ಅದೂ ನಮ್ಮ ಕರಾವಳಿಯಲ್ಲೇ. ಪೂರ್ವದಲ್ಲಿ ಸ್ಮಿತ್‌ನ ಗಟ್ಟಿ ಎಲೆಯನ್ನು ಹಾಗೇ ಬಿಟ್ಟು, ಘಟ್ಟ ಇಳಿದು ಪಶ್ಚಿಮಕ್ಕೆ ಓಡಿಬಂದ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಇತಿಹಾಸದಲ್ಲಿ ಒಂದು ಸಂಗತಿ ಬರುತ್ತದೆ. ಸಾವಿರಾರು ರೈತರನ್ನು ಸೇರಿಸಿ, ಕರಿಮರದಲ್ಲಿ ಕೆತ್ತಿದ ನಕಲಿ ಕೋವಿ ಕೊಟ್ಟು, ಬಾವುಟ ಹಿಡಿಸಿ ಮಂಗಳೂರಿನ ಎದುರು ಸಾಲು ನಿಲ್ಲಿಸಿದರಂತೆ. ಮಂಗಳೂರಿನಲ್ಲಿದ್ದ ಕಂಪನಿಯವರಿಗೆ ದೂರದಿಂದ ಅದು ಮಹಾಸೈನ್ಯ. 1768ರ ಮೇ ತಿಂಗಳಲ್ಲಿ ಅವರು ಕಾಯಿಲೆಯವರನ್ನೂ ಗಾಯಾಳುಗಳನ್ನೂ ಹಿಂದೆಯೇ ಬಿಟ್ಟು ಹಡಗು ಹತ್ತಿದರು. ತೋಡಾರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗೆಲ್ಲ, ಆ ಮರದ ಕೋವಿ ಹಿಡಿದು ನಿಂತವರಲ್ಲಿ ನಮ್ಮ ಕಡೆಯ ಗೇಣಿ ರೈತರೂ ಇದ್ದಿರಬೇಕು ಅಂತ ಅಂದುಕೊಳ್ಳುತ್ತೇನೆ. ಬರೇ ಮರದ ತುಂಡು ಹಿಡಿದು ನಿಲ್ಲಲು ಎಷ್ಟು ಗುಂಡಿಗೆ ಬೇಕು ಮಾರಾಯ್ರೆ!

ಪೋಕರ್‌ನಲ್ಲಿ ಟೈಟ್ ಆಟಗಾರರ ಎದುರು ಮಾಡಬೇಕಾದ್ದು ಇದನ್ನೇ. ಪ್ರತಿ ಆಟಕ್ಕೂ ಇಬ್ಬರು ಎಲೆ ನೋಡುವ ಮೊದಲೇ ಸ್ವಲ್ಪ ದುಡ್ಡು ಹಾಕಬೇಕಾಗುತ್ತದೆ, ಅದಕ್ಕೆ ಬ್ಲೈಂಡ್ ಅಂತಾರೆ. ಟೈಟ್ ಆಟಗಾರ ಅದನ್ನು ಕಾಯುವುದಿಲ್ಲ, ಕೈ ಸಾಧಾರಣ ಇದ್ದರೆ ಬಿಟ್ಟುಕೊಡುತ್ತಾನೆ. ಎಲ್ಲರ ನಡೆ ನೋಡಿ ಕೊನೆಗೆ ಆಡುವ ಜಾಗದಲ್ಲಿ ಕೂತಾಗ, ದುಡ್ಡು ಏರಿಸಿ ಆ ಚಿಲ್ಲರೆಯನ್ನು ಎತ್ತಿಕೊಳ್ಳುತ್ತಾ ಹೋಗಬೇಕು. ಅವನು ತಿರುಗಿ ಏರಿಸಿದನೋ, ಮರುಮಾತಿಲ್ಲದೆ ಎಲೆ ಕೆಳಗಿಡಬೇಕು. ಅಲ್ಲಿ ಹಟ ಕೂಡದು. ಹತ್ತು ಸಲ ಚಿಲ್ಲರೆ ಎತ್ತಿದ ಲಾಭವನ್ನು ಒಂದು ಹಟ ನುಂಗಿಬಿಡುತ್ತದೆ.

1768ರ ಸೆಪ್ಟೆಂಬರ್‌ನಲ್ಲಿ ಹೈದರ್ ರಾಜಿಗೂ ತಯಾರಿದ್ದ. ಬಾರಾಮಹಲ್ ಪ್ರದೇಶ ಮತ್ತು 10 ಲಕ್ಷ ರೂಪಾಯಿ ಕೊಡುತ್ತೇನೆ ಅಂತ ಹೇಳಿಕಳಿಸಿದ. ಕೈಯಲ್ಲಿ ಗೆಲುವಿನ ಎಲೆ ಇದೆ ಅಂದುಕೊಂಡ ಮದರಾಸಿನವರು ಇನ್ನೂ ಹೆಚ್ಚು ಕೇಳಿದರು, ಮಾತು ಮುರಿಯಿತು. ಆಮೇಲೆ ಅವನು ದೊಡ್ಡ ಕಾಳಗವನ್ನೇ ತಪ್ಪಿಸಿದ. ಕೊಯಮತ್ತೂರು, ಈರೋಡು, ಕರೂರು ಅಂತ ಕಂಪನಿ ಅಲ್ಲಲ್ಲಿ ಇಟ್ಟಿದ್ದ ಸಣ್ಣ ಠಾಣೆಗಳನ್ನು ಒಂದೊಂದಾಗಿ ಎತ್ತಿಕೊಂಡ. ಸ್ಮಿತ್ ಬಂದರೆ ಜಾಗ ಖಾಲಿ ಮಾಡಿದ. ಕಂಪನಿ ಸೈನ್ಯ ಎತ್ತಿನಗಾಡಿಯ ವೇಗದಲ್ಲಿ ಹಿಂದೆ ಅಲೆದು ಅಲೆದು ಸುಸ್ತಾಯಿತು.

ನಂತರ ಮಾರ್ಚ್ 1769. ದೊಡ್ಡ ಸೈನ್ಯವನ್ನೂ ಫಿರಂಗಿಗಳನ್ನೂ ಘಟ್ಟದ ಕಡೆ ಹಿಂದೆ ಕಳಿಸಿ, ತಾನು 6000 ಕುದುರೆ ಸವಾರರನ್ನು ಕಟ್ಟಿಕೊಂಡು ಮೂರೂವರೆ ದಿನದಲ್ಲಿ ಸುಮಾರು 130 ಮೈಲಿ ಓಡಿ, ಮದರಾಸಿನ ಪಕ್ಕದ ಸೇಂಟ್ ಥಾಮಸ್ ಮೌಂಟ್ ಹತ್ತಿರ ಪ್ರತ್ಯಕ್ಷನಾದ. ಎಲೆ ತೆರೆದು ನೋಡಿದ್ದರೆ ಏನಿತ್ತು? ಕೋಟೆ ಒಡೆಯಲು ಒಂದು ದೊಡ್ಡ ಫಿರಂಗಿಯೂ ಇಲ್ಲ. ಫೋರ್ಟ್ ಸೇಂಟ್ ಜಾರ್ಜ್ ಗೋಡೆಗೆ ಕುದುರೆ ಹತ್ತಿಸಲಾಗುವುದಿಲ್ಲ. ಸ್ಮಿತ್ ಹಿಂದೆಯೇ ಬರುತ್ತಿದ್ದ, ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತಿದ್ದರೆ ಸಾಕಿತ್ತು. ಆದರೆ ಮದರಾಸಿನ ಕೌನ್ಸಿಲ್‌ನವರ ತೋಟ, ಬಂಗಲೆ, ಗೋದಾಮು ಎಲ್ಲ ಕೋಟೆಯ ಹೊರಗಿದ್ದವು. ಲೆಕ್ಕ ಹಾಕಿದರು, ಎಲೆ ಕೆಳಗಿಟ್ಟರು. ಏಪ್ರಿಲ್ ಮೊದಲ ವಾರದಲ್ಲೇ ಒಪ್ಪಂದವಾಯಿತು. ಗೆದ್ದ ಜಾಗಗಳು ಪರಸ್ಪರ ವಾಪಸ್, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ಸಹಾಯಕ್ಕೆ. ಏಳು ತಿಂಗಳ ಹಿಂದೆ ತಾನೇ ದುಡ್ಡು, ನೆಲ ಕೊಡಲು ಹೊರಟಿದ್ದವನು ಬೇರೆ ಸೈನ್ಯದ ನೆರವಿನ ಮಾತನ್ನೇ ಬರೆಸಿಕೊಂಡ.

ಆ ಮಾತನ್ನು ಕಂಪನಿ ಉಳಿಸಿಕೊಳ್ಳಲಿಲ್ಲ. 1771ರಲ್ಲಿ ಮರಾಠರು ಚಿನಕುರುಳಿ ಬಳಿ ಹೈದರನ ಸೈನ್ಯವನ್ನು ಚಿಂದಿ ಮಾಡಿದಾಗ ಮದರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಅದನ್ನು ಅವನು ಒಂಬತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡ.

1780ರ ಜುಲೈಯಲ್ಲಿ ಇಳಿದಾಗ ಅದು ಚಿಲ್ಲರೆ ಎತ್ತುವ ಆಟವಾಗಿರಲಿಲ್ಲ, ಕರ್ನಾಟಿಕ್ ಹಳ್ಳಿಗಳು ಉರಿದವು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು, ಅದು ಕಂಚಿಯಲ್ಲಿದ್ದ ಹೆಕ್ಟರ್ ಮನ್ರೋನ ಸೈನ್ಯವನ್ನು ಸೇರುವ ಮೊದಲೇ, ಹೈದರ್ ಮತ್ತು ಟಿಪ್ಪು ಸುತ್ತುವರಿದು ಮುಗಿಸಿದರು. ಗಟ್ಟಿ ಎಲೆ ಎರಡು ಕೈಯಲ್ಲಿ ಹಂಚಿಹೋಗಿದ್ದ ಹೊತ್ತನ್ನೇ ಹಿಡಿದಿದ್ದರು. ಮನ್ರೋ ದೊಡ್ಡ ಫಿರಂಗಿಗಳನ್ನು ಕೆರೆಗೆ ತಳ್ಳಿ ಮದರಾಸಿಗೆ ಓಡಿದ.

ಆದರೆ ಈ ಸಲ ಕಂಪನಿಯೂ ಆಟ ಬದಲಿಸಿತು. ಬಂಗಾಳದಿಂದ ಹಡಗಿನಲ್ಲಿ ದುಡ್ಡು ಬಂತು, ಐರ್ ಕೂಟ್ ಬಂದ. 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರ್ ಕೂಟ್‌ನ ಸಾಲಿಗೆ ಎದುರು ನಿಂತ. ಹದಿನಾಲ್ಕು ವರ್ಷದ ಹಿಂದೆ ಕಲಿತದ್ದನ್ನು ಯಾಕೆ ಮರೆತ? ನನ್ನ ಅಂದಾಜು, ಪೊಳ್ಳಿಲೂರಿನ ಗೆಲುವು ತಲೆಗೆ ಏರಿತ್ತು. ಸೋತ. ಆಗಸ್ಟ್‌ನಲ್ಲಿ ಪೊಳ್ಳಿಲೂರಿನಲ್ಲೇ ಇನ್ನೊಮ್ಮೆ, ಸೆಪ್ಟೆಂಬರ್‌ನಲ್ಲಿ ಶೋಲಿಂಗೂರಿನಲ್ಲಿ ಮತ್ತೊಮ್ಮೆ. ಆದರೂ ಮುಗಿದುಹೋಗಲಿಲ್ಲ. ಕೂಟ್ ಗೆದ್ದರೂ ಬೆನ್ನಟ್ಟಲು ಅವನ ಬಳಿ ಎತ್ತು, ಅಕ್ಕಿ ಇರಲಿಲ್ಲ. ಸುತ್ತಲಿನ ನೆಲ ಹೈದರನ ಕುದುರೆಗಳ ಕೈಯಲ್ಲೇ ಇತ್ತು.

ಒಂದು ಟೇಬಲ್‌ನಲ್ಲಿ ಎಷ್ಟು ಗೆದ್ದರೂ ಎದುರಿಗಿರುವವನಿಗೆ ಮನೆಯಿಂದ ಮತ್ತೆ ದುಡ್ಡು ಬರುತ್ತಿದ್ದರೆ ಲೆಕ್ಕವೇ ಬೇರೆ. ನಾನು ದೊಡ್ಡ ಟೇಬಲ್‌ಗೆ ಹೋಗುವಾಗ ಎದುರಿನವರ ಆಟವನ್ನು ನೋಡಿದ್ದೆ, ಅವರ ಚೀಲ ನೋಡಿರಲಿಲ್ಲ. ಹೈದರ್ ನೋಡಿದ್ದ. ಮಂಗಳೂರಿನಲ್ಲಿ ಅವನು ಹಡಗು ಕಟ್ಟಿಸಿದ್ದು, ಫ್ರೆಂಚ್ ನೌಕಾಪಡೆಗಾಗಿ ವರ್ಷಗಟ್ಟಲೆ ಕಾದದ್ದು ಅದಕ್ಕೇ. ಚೀಲ ಇದ್ದದ್ದು ಸಮುದ್ರದಲ್ಲಿ. ಸಮುದ್ರ ಅವನ ಕೈಗೆ ಸಿಗಲಿಲ್ಲ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಬೆನ್ನಿನ ಹುಣ್ಣಿನಿಂದ ಹೈದರ್ ಸತ್ತ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸರದಾರರು ಸಾವನ್ನು ಮುಚ್ಚಿಟ್ಟರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಕೊಟ್ಟು ಕೋಲಾರಕ್ಕೆ ಕಳಿಸಿದರು. ಪಾಳೆಯದಲ್ಲಿ ಯಜಮಾನ ಕಾಯಿಲೆಯಲ್ಲಿದ್ದಾನೆ ಅನ್ನುವ ಹಾಗೆ ದಿನಚರಿ ನಡೆಯಿತು. ಸುದ್ದಿ ಮದರಾಸಿಗೆ ಮುಟ್ಟಿದರೂ, ಕೂಟ್ ಇಲ್ಲದ ಹೊತ್ತಿನಲ್ಲಿ ಸೈನ್ಯದ ಹೊಣೆ ಹೊತ್ತಿದ್ದ ಜನರಲ್ ಸ್ಟುವರ್ಟ್ ತಯಾರಿ ಸಾಲದು ಅಂತ ಹೊರಡಲೇ ಇಲ್ಲ. ಅಷ್ಟರಲ್ಲಿ ಟಿಪ್ಪು ಬಂದು ಸೈನ್ಯ ಸೇರಿಕೊಂಡ.