ಹಗಲಿನ ಹೊತ್ತು: ಸಿ.ವಿ. ರಾಮನ್

ಬೇಲೂರಿನ ಒಂಬತ್ತನೇ ತರಗತಿಗೆ ಅಭ್ಯಾಸ ಪಾಠವಾಗಿ ನಾನು ಸಿ.ವಿ. ರಾಮನ್ ಅವರ ಬದುಕನ್ನು ಆರಿಸಿಕೊಂಡೆ. 1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ಅವರು 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಕಚೇರಿಗೆ ಮೊದಲು, ಕಚೇರಿ ಬಿಟ್ಟ ಮೇಲೆ ಪ್ರಯೋಗ. 1917ರಲ್ಲಿ ಆ ಕೆಲಸ ಬಿಟ್ಟು ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು. ಏಕೆ ಸರ್ ಎಂದು ಮಕ್ಕಳು ಕೇಳಿದರು. ಇದನ್ನು ತ್ಯಾಗವೆಂದು ಬರೆಸುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಬೇಕಾಗಿದ್ದುದು ಹಗಲಿನ ಹೊತ್ತು.

ಆ ಹೊತ್ತಿನ ಫಲ 1928ರ ಫೆಬ್ರವರಿ 28ರಂದು ಖಚಿತವಾಯಿತು. ದ್ರವದಲ್ಲಿ ಚದುರಿದ ಬೆಳಕಿನ ಅತ್ಯಲ್ಪ ಅಂಶ ಬಣ್ಣ ಬದಲಿಸುತ್ತದೆ, ಏಕೆಂದರೆ ಅಣುಗಳ ಕಂಪನ ಅದರಿಂದ ಶಕ್ತಿ ಕಸಿಯುತ್ತದೆ. (ಜೊತೆಗೆ ದುಡಿದ ಕೆ.ಎಸ್. ಕೃಷ್ಣನ್ ಅವರ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯಬೇಕು.) ಅತ್ಯಲ್ಪವಾದರೆ ಏನು ಉಪಯೋಗ? ಕೂದಲಿಗಿಂತ ನೂರು ಪಟ್ಟು ಸಪೂರವಾದ ಗಾಜಿನ ಎಳೆಯಲ್ಲಿ, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗಕ್ಕಿಂತ ಚಿಕ್ಕದಾದ ಬೆಳಕಿನ ಮಿಡಿತವನ್ನು ಹಾಯಿಸಿದರೆ ಬೆಳಕು ಅಲ್ಲಿ ಒತ್ತೊತ್ತಾಗಿರುತ್ತದೆ. ಆಗ ಇದೇ ಪರಿಣಾಮ ಬಲವಾಗಿ, ಮಿಡಿತ ಸಾಗುತ್ತ ಸಾಗುತ್ತ ಕೆಂಪಿನ ಕಡೆಗೆ ಸರಿಯಬಲ್ಲದು. ಇಂದಿನ ಸಂಶೋಧಕರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

1930ರಲ್ಲಿ ನೊಬೆಲ್, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. 1948ರಲ್ಲಿ ನಿವೃತ್ತರಾದವರು ಅಲ್ಲೇ ತಮ್ಮದೇ ಸಂಸ್ಥೆ ನಡೆಸಿದರು. 1970ರಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಯೂ ಅದರ ತೋಟದಲ್ಲೇ ಆಯಿತು.