ಕಾಡಿನ ವೈದ್ಯ ಕ್ಲೆಗ್‌ಹಾರ್ನ್

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯು ಗುಂಡ್ಲುಪೇಟೆಯನ್ನು ದಾಟಿದ ಸ್ವಲ್ಪ ಹೊತ್ತಿನಲ್ಲೇ ಬಂಡೀಪುರದ ಕಾಡನ್ನು ಹೊಗುತ್ತದೆ. ಅದುವರೆಗೆ ಇಕ್ಕೆಲಗಳಲ್ಲಿ ಕಾಣುತ್ತಿದ್ದುದು ಮಳೆಯನ್ನು ನೆಚ್ಚಿದ ಬಯಲು ಹೊಲಗಳು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿ ಬಹುಪಾಲು ನೀರನ್ನು ಸುರಿಸಿ, ಹಗುರಾಗಿ ಈ ನಾಡಿಗೆ ಬರುತ್ತವೆ. ಆದುದರಿಂದ ಗುಂಡ್ಲುಹೊಳೆಯ ದಡದ ರೈತನಿಗೂ, ಬಿಳಿಗಿರಿಯ ಬೆಟ್ಟಸಾಲಿನಿಂದ ಇಳಿದುಬರುವ ಸುವರ್ಣಾವತಿಯ ನೀರನ್ನು ಕಾಯುವ ಚಾಮರಾಜನಗರದ ರೈತನಿಗೂ ಬೆಟ್ಟದ ಮೇಲಿನ ಕಾಡು ಬಹು ಮುಖ್ಯವಾದುದು. ಕಾಡಿಗೂ ನೀರಿಗೂ ಇರುವ ಈ ನಂಟನ್ನು ಇಲ್ಲಿಯ ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು. ಸರ್ಕಾರದ ಕಾಗದಪತ್ರಗಳಲ್ಲಿ ಅದು ಸ್ಥಾನ ಪಡೆಯುವಂತೆ ಮಾಡಿದವರಲ್ಲಿ ಒಬ್ಬ ವೈದ್ಯರು ಪ್ರಮುಖರು. ಅವರೇ ಹ್ಯೂ ಕ್ಲೆಗ್‌ಹಾರ್ನ್.

ಕ್ಲೆಗ್‌ಹಾರ್ನ್ ಅವರು 1820ರ ಆಗಸ್ಟ್ 9ರಂದು ಮದರಾಸಿನಲ್ಲಿ ಜನಿಸಿದರು. ತಂದೆ ಅಲ್ಲಿಯ ಸುಪ್ರೀಂ ಕೋರ್ಟಿನ ಅಧಿಕಾರಿ. ಎಳೆಯ ವಯಸ್ಸಿನಲ್ಲೇ ಬಾಲಕನನ್ನು ಸ್ಕಾಟ್ಲೆಂಡಿನ ಸ್ಟ್ರಾವಿಥಿಯಲ್ಲಿದ್ದ ತಾತನ ಮನೆಗೆ ಕಳುಹಿಸಲಾಯಿತು. ಸೇಂಟ್ ಆಂಡ್ರೂಸ್ ಮತ್ತು ಎಡಿನ್‌ಬರೋಗಳಲ್ಲಿ ವಿದ್ಯಾಭ್ಯಾಸ ನಡೆಯಿತು. 1841ರಲ್ಲಿ ವೈದ್ಯಪದವಿ ಪಡೆದರು. ಆ ಕಾಲದಲ್ಲಿ ಔಷಧಗಳ ಬಹುಭಾಗ ಗಿಡಮೂಲಿಕೆಗಳಿಂದಲೇ ದೊರೆಯುತ್ತಿದ್ದುದರಿಂದ ವೈದ್ಯವಿದ್ಯಾರ್ಥಿಗಳು ಸಸ್ಯಶಾಸ್ತ್ರವನ್ನೂ ಕಲಿಯಬೇಕಾಗಿತ್ತು. ಆ ಪಾಠವೇ ಮುಂದೆ ಅವರ ಬಾಳಿನ ದಾರಿಯನ್ನು ಬದಲಿಸಿತು.

1842ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮದರಾಸಿಗೆ ಬಂದರು. ಕೆಲಕಾಲದ ಮೇಲೆ ಅವರನ್ನು ಮೈಸೂರು ಸಂಸ್ಥಾನಕ್ಕೆ ನೇಮಿಸಲಾಯಿತು. ಅಂದು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1845ರಿಂದ 1847ರವರೆಗೆ ಕ್ಲೆಗ್‌ಹಾರ್ನ್ ಶಿವಮೊಗ್ಗೆಯಲ್ಲಿದ್ದರು. ರೋಗಿಗಳನ್ನು ನೋಡುವುದು, ಸುತ್ತಲಿನ ಮಲೆನಾಡಿನಲ್ಲಿ ಸಂಚರಿಸುವುದು ಅವರ ದಿನಚರಿಯಾಯಿತು. ದಿನಕ್ಕೊಂದು ಗಿಡವನ್ನಾದರೂ ಶ್ರದ್ಧೆಯಿಂದ ಅಭ್ಯಸಿಸಬೇಕೆಂಬ ನಿಯಮವನ್ನು ಅವರು ಇಟ್ಟುಕೊಂಡಿದ್ದರು. ಒಬ್ಬ ದೇಶೀಯ ಚಿತ್ರಕಾರನನ್ನು ಗೊತ್ತುಮಾಡಿಕೊಂಡು, ಕೊಯ್ದು ತಂದ ಗಿಡ ಬಾಡುವ ಮೊದಲೇ ಅದರ ಎಲೆ, ಹೂವು, ಕಾಯಿಗಳ ಚಿತ್ರವನ್ನು ಬರೆಸುತ್ತಿದ್ದರು.

ಆ ಸಂಚಾರಗಳಲ್ಲಿ ಅವರ ಕಣ್ಣಿಗೆ ಬಿದ್ದ ಇನ್ನೊಂದು ದೃಶ್ಯ ಅವರನ್ನು ಚಿಂತೆಗೀಡುಮಾಡಿತು. ಬೆಟ್ಟದ ಇಳಿಜಾರುಗಳಲ್ಲಿ ಕಾಡನ್ನು ಕಡಿದು, ಒಣಗಿಸಿ, ಬೇಸಗೆಯಲ್ಲಿ ಬೆಂಕಿಯಿಟ್ಟು, ಆ ಬೂದಿಯಲ್ಲಿ ರಾಗಿ ಮೊದಲಾದುವನ್ನು ಬಿತ್ತುವ ಪದ್ಧತಿ ಅಲ್ಲಿತ್ತು. ಇದಕ್ಕೆ ಕುಮರಿ ಬೇಸಾಯವೆಂದು ಹೆಸರು. ಒಂದೆರಡು ಬೆಳೆ ತೆಗೆದ ಮೇಲೆ ಆ ನೆಲವನ್ನು ಬಿಟ್ಟು ಮತ್ತೊಂದು ಕಡೆಗೆ ಹೋಗುತ್ತಿದ್ದರು. ಬೋಳಾದ ಇಳಿಜಾರಿನ ಮಣ್ಣು ಮಲೆನಾಡಿನ ಜಡಿಮಳೆಗೆ ಕೊಚ್ಚಿಹೋಗುತ್ತದೆ. ಬೆಲೆಬಾಳುವ ಮರಗಳು ಮತ್ತೆ ತಲೆಯೆತ್ತಲು ಬಹುಕಾಲ ಬೇಕು. ಕ್ಲೆಗ್‌ಹಾರ್ನ್ ಈ ಸಂಗತಿಯನ್ನು ಮೇಲಿನ ಅಧಿಕಾರಿಗಳ ಗಮನಕ್ಕೆ ತಂದರು.

ಆರೋಗ್ಯ ಕೆಟ್ಟು 1848ರಲ್ಲಿ ಅವರು ಸ್ವದೇಶಕ್ಕೆ ಮರಳಬೇಕಾಯಿತು. ಆದರೆ ಮಲೆನಾಡಿನ ಕಾಡು ಅವರ ಮನಸ್ಸಿನಿಂದ ಮರೆಯಾಗಲಿಲ್ಲ. 1850ರಲ್ಲಿ ಎಡಿನ್‌ಬರೋದಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧಿವೇಶನ ನೆರೆದಾಗ, ಉಷ್ಣವಲಯದ ಕಾಡುಗಳ ನಾಶದಿಂದ ಆಗುವ ಪರಿಣಾಮಗಳನ್ನು ವಿಚಾರಿಸಲು ಒಂದು ಸಮಿತಿಯನ್ನು ರಚಿಸಲಾಯಿತು. ಕ್ಲೆಗ್‌ಹಾರ್ನ್ ಅದರ ಪ್ರಮುಖ ಸದಸ್ಯರಾದರು. ಭಾರತದ ನಾನಾ ಭಾಗಗಳ ಅಧಿಕಾರಿಗಳ ವರದಿಗಳನ್ನು ಕಲೆಹಾಕಿ, ತೂಗಿನೋಡಿ, ಮರುವರ್ಷ ಇಪ್ಸ್‌ವಿಚ್ ನಗರದ ಅಧಿವೇಶನದಲ್ಲಿ ಸಮಿತಿಯ ವರದಿಯನ್ನು ಒಪ್ಪಿಸಲಾಯಿತು.

ಆ ವರದಿಯ ಹಿರಿಮೆ ಅದರ ಎಚ್ಚರಿಕೆಯಲ್ಲಿದೆ. ಕಾಡು ಕಡಿದರೆ ಮಳೆಯೇ ಕಡಿಮೆಯಾಗುತ್ತದೆಂದು ಅನೇಕರು ಅಂದು ಖಚಿತವಾಗಿ ಹೇಳುತ್ತಿದ್ದರು. ಕೈಯಲ್ಲಿದ್ದ ಸಾಕ್ಷ್ಯಗಳು ಒಂದಕ್ಕೊಂದು ಹೊಂದದಿದ್ದುದರಿಂದ ಸಮಿತಿಯು ಆ ವಿಷಯದಲ್ಲಿ ತೀರ್ಪು ಕೊಡಲು ಹಿಂಜರಿಯಿತು. ಆದರೆ ಮರಗಳು ನೆಲದ ತೇವವನ್ನು ಕಾಪಾಡುತ್ತವೆ, ಅವು ಹೋದರೆ ಒರತೆಗಳು ಬತ್ತುವ ಸಂಭವವುಂಟು ಎಂಬುದನ್ನು ಅದು ಒತ್ತಿಹೇಳಿತು. ತಿಳಿದುದನ್ನು ತಿಳಿದಷ್ಟೇ ಹೇಳುವ ಈ ಗುಣ ಎಲ್ಲ ವಿದ್ವಾಂಸರಲ್ಲೂ ಕಾಣುವಂಥದಲ್ಲ.

ಮದರಾಸಿಗೆ ಹಿಂದಿರುಗಿದ ಕ್ಲೆಗ್‌ಹಾರ್ನ್ ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ತೋಟವಾದುದಕ್ಕೂ ಅವರ ಸಲಹೆ ಕಾರಣವಾಯಿತು. ಅದೇ ವರ್ಷ ಮದರಾಸು ಪ್ರಾಂತ್ಯದ ಅರಣ್ಯಗಳ ಸಂರಕ್ಷಣಾಧಿಕಾರಿಯ ಹೊಸ ಹುದ್ದೆ ಅವರಿಗೆ ದೊರೆಯಿತು. ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಕೊಳ್ಳೇಗಾಲದ ಸೀಮೆ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಂಡೀಪುರಕ್ಕೆ ತೆಂಕಣದಲ್ಲಿ ತಾಗಿಕೊಂಡಿರುವ ಮುದುಮಲೆಯ ಕಾಡನ್ನು 1857ರಲ್ಲಿ ಆ ಸರ್ಕಾರ ನಿಲಂಬೂರಿನ ತಿರುಮಲಪಾಡರಿಂದ ಗುತ್ತಿಗೆಗೆ ಪಡೆಯಿತು.

ಕಾಡಿಗೆ ಅದು ಸಂಕಟದ ಕಾಲವಾಗಿತ್ತು. 1856ರಲ್ಲಿ ಮದರಾಸಿನಿಂದ ಮೊದಲ ರೈಲು ಹೊರಟಿತ್ತು. ಹಳಿಯ ಕೆಳಗೆ ಹಾಸಲು ಮೈಲಿಯೊಂದಕ್ಕೆ ಸಾವಿರಕ್ಕೂ ಮಿಕ್ಕಿ ಮರದ ತೊಲೆಗಳು ಬೇಕಾಗುತ್ತಿದ್ದವು. ಅವು ಕೆಲವೇ ವರ್ಷಗಳಲ್ಲಿ ಗೆದ್ದಲಿಗೂ ತೇವಕ್ಕೂ ತುತ್ತಾಗುತ್ತಿದ್ದವು. ಇಂಜಿನಿನ ಒಲೆಗೂ ಸೌದೆಯೇ ಬೇಕು. ಹಡಗುಕಟ್ಟೆಗಳಿಗೆ ತೇಗ ಬೇಕು. ನೀಲಗಿರಿ, ವೈನಾಡುಗಳಲ್ಲಿ ಕಾಫಿತೋಟಗಳಿಗಾಗಿ ಬೆಟ್ಟಗಳೇ ಬೋಳಾಗುತ್ತಿದ್ದವು. ಕ್ಲೆಗ್‌ಹಾರ್ನ್ ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಕಾಡುಮೇಡುಗಳನ್ನು ಸುತ್ತಿದರು. 1858ರಲ್ಲಿ ಆನೆಮಲೆಯ ಎತ್ತರದ ಶ್ರೇಣಿಗಳನ್ನು ಏರಿದರು. ತಮ್ಮ ವರದಿಗಳನ್ನು 1861ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

1860ರಲ್ಲಿ ಮದರಾಸು ಸರ್ಕಾರವು ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು. ಇದು ಕ್ಲೆಗ್‌ಹಾರ್ನರ ಗೆಲುವೆಂದು ಹಲವರು ಬರೆದಿದ್ದಾರೆ. ಆದರೆ ರೈಲು ಕಂಪನಿಗಳೂ ತೋಟದ ಧಣಿಗಳೂ ಮರ ಕಡಿಯುವುದನ್ನು ನಿಲ್ಲಿಸಲಿಲ್ಲ. ಕಟ್ಟಳೆಯ ಪೂರ್ಣ ಭಾರ ಬಿದ್ದುದು ಕಾಡನ್ನೇ ನಂಬಿ ಬದುಕುತ್ತಿದ್ದ ಬಡವರ ಮೇಲೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇಂಥ ಬೇಸಾಯವನ್ನೇ ಮಾಡಿಕೊಂಡಿದ್ದವರು. ಜನಸಂಖ್ಯೆ ಕಡಿಮೆಯಿದ್ದು, ನೆಲಕ್ಕೆ ದೀರ್ಘ ವಿಶ್ರಾಂತಿ ದೊರೆಯುವಾಗ ಕಾಡು ಮತ್ತೆ ಚಿಗುರುತ್ತದೆ ಎಂಬುದನ್ನು ಅಂದಿನ ಅಧಿಕಾರಿಗಳು ಸಾಕಷ್ಟು ಗಮನಿಸಲಿಲ್ಲ. ಸೋಲಿಗರ ಸಮುದಾಯಕ್ಕೆ ತಮ್ಮ ಕಾಡಿನ ಮೇಲಣ ಹಕ್ಕುಪತ್ರಗಳು ದೊರೆತದ್ದು 2011ರಲ್ಲಿ.

ಕ್ಲೆಗ್‌ಹಾರ್ನರ ಸಮಿತಿ ತೀರ್ಪು ಕೊಡದೆ ಬಿಟ್ಟ ಪ್ರಶ್ನೆಗೆ ನಂತರದ ವಿಜ್ಞಾನ ಬಹುಮಟ್ಟಿಗೆ ಉತ್ತರ ಕಂಡುಕೊಂಡಿದೆ. ಮರದ ಬೇರುಗಳು ನೆಲದ ನೀರನ್ನು ಹೀರುತ್ತವೆ; ಎಲೆಗಳು ಅದನ್ನು ಆವಿಯಾಗಿ ಗಾಳಿಗೆ ಬಿಡುತ್ತವೆ. ದೊಡ್ಡ ಮಳೆಕಾಡುಗಳ ಮೇಲೆ ಈ ಆವಿಯೇ ಮತ್ತೆ ಮೋಡವಾಗಿ, ಮಳೆಯಾಗಿ ಇಳಿಯುತ್ತದೆ. ತರಗೆಲೆಯ ಹಾಸು ಮಳೆಯ ಹೊಡೆತವನ್ನು ತಡೆದು ನೀರನ್ನು ನೆಲಕ್ಕೆ ಇಂಗಿಸುತ್ತದೆ. ಮರಗಳು ನೀರನ್ನು ಕುಡಿಯುತ್ತವೆಂಬುದೂ ನಿಜ; ಒಣನಾಡಿನಲ್ಲಿ ಸಿಕ್ಕಿದ ಮರವನ್ನೆಲ್ಲ ನೆಟ್ಟರೆ ಹಳ್ಳದ ನೀರು ತಗ್ಗುವುದೂ ಉಂಟು.

ಇನ್ನೊಂದು ಸಂಗತಿಯನ್ನು ಅವರ ವರದಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಣಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧ ಇಂಗಾಲವೇ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮರ ಅದನ್ನು ತನ್ನ ಕಾಂಡದಲ್ಲಿ ಕೂಡಿಡುತ್ತದೆ. ಸುಟ್ಟಾಗ ಅದು ಮರಳಿ ಗಾಳಿಗೆ ಸೇರುತ್ತದೆ. ಈ ಅನಿಲ ಶಾಖವನ್ನು ಹಿಡಿದಿಡುತ್ತದೆಂಬುದನ್ನು ಜಾನ್ ಟಿಂಡಲ್ ಪ್ರಯೋಗದಿಂದ ತೋರಿಸಿದ್ದು 1859ರಲ್ಲಿ, ಅಂದರೆ ಕ್ಲೆಗ್‌ಹಾರ್ನ್ ದಕ್ಷಿಣದ ಕಾಡುಗಳಲ್ಲಿ ಅಲೆಯುತ್ತಿದ್ದಾಗಲೇ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು ಸಾವಿರಾರು ಎಕರೆ ಉರಿದಾಗ ಗುಂಡ್ಲುಪೇಟೆಯ ಕಡೆಯ ಬೆಟ್ಟಗಳು ಕರಕಲಾದವು. ವರ್ಷಗಳ ಕಾಲ ಮರಗಿಡಗಳು ಕೂಡಿಟ್ಟಿದ್ದ ಇಂಗಾಲದ ಒಂದು ಭಾಗ ಕೆಲವೇ ದಿನಗಳಲ್ಲಿ ಹೊಗೆಯಾಗಿ ಹೋಯಿತು.

1861ರ ತರುವಾಯ ಕ್ಲೆಗ್‌ಹಾರ್ನರನ್ನು ಪಂಜಾಬಿಗೆ ಕರೆಸಿಕೊಳ್ಳಲಾಯಿತು. ಅಲ್ಲಿ ಹಿಮಾಲಯದ ದೇವದಾರು ಕಾಡುಗಳನ್ನು ಪರಿಶೀಲಿಸಿದರು. ಮೈಸೂರು ಸಂಸ್ಥಾನದಲ್ಲಿಯೂ 1864ರಲ್ಲಿ ಅರಣ್ಯ ಇಲಾಖೆ ಆರಂಭವಾಯಿತು. ಆ ದಶಕದ ಕೊನೆಗೆ ಅವರು ನಿವೃತ್ತರಾಗಿ ಸ್ಟ್ರಾವಿಥಿಯ ಹಳೆಯ ಮನೆಗೆ ತೆರಳಿ, 1895ರ ಮೇ 16ರಂದು ಅಲ್ಲಿಯೇ ಕಣ್ಮುಚ್ಚಿದರು. ಶಿವಮೊಗ್ಗೆಯಲ್ಲಿ ಗಿಡ ಬಾಡುವ ಮೊದಲು ಬರೆಸಿದ ಆ ಚಿತ್ರಗಳನ್ನು ಎಡಿನ್‌ಬರೋದ ರಾಜೋದ್ಯಾನದಲ್ಲಿ ಇಂದಿಗೂ ಜೋಪಾನವಾಗಿ ಇರಿಸಲಾಗಿದೆ.